ತತ್ವಶಾಸ್ತ್ರದ ಎಂ.ಎ. ನಮ್ಮೂರಲ್ಲಿ, ಕನ್ನಡದಲ್ಲಿ ಯಾಕಾಗಬಾರದು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಪದವಿ ಮುಗಿಸಿದವರು ಮುಂದೆ ಏನು ಓದಬಹುದು ಅಂತ ಒಂದು ಇಡೀ ಪುಟ ಬಂದಿತ್ತು. ಎಂ.ಬಿ.ಎ. ಇತ್ತು, ಡೇಟಾ ಸೈನ್ಸ್ ಇತ್ತು, ಹೋಟೆಲ್ ಮ್ಯಾನೇಜ್‌ಮೆಂಟ್ ಇತ್ತು, ಕೆಳಗೆ ಮೂಲೆಯಲ್ಲಿ ಮೇಕಪ್ ಕೋರ್ಸ್ ಕೂಡ ಇತ್ತು. ಎಂ.ಎ. ಸಾಲಿನಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಬಂದು ಹೋದವು. ತತ್ವಶಾಸ್ತ್ರ ಮಾತ್ರ ಇರಲಿಲ್ಲ. ಎರಡು ಸಲ ನೋಡಿದೆ, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಸಿಟ್ಟು ಬಂತು ಅಂತ ಸುಳ್ಳು ಯಾಕೆ ಹೇಳಲಿ, ನಗು ಬಂತು. ಯಾಕೆಂದರೆ ನಾನು ಓದುತ್ತಿರುವುದೇ ಅದನ್ನು.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಬಿ.ಕಾಂ. ಮುಗಿಸಿ 14 ವರ್ಷ ಆಯಿತು. ಬೆಳಗ್ಗೆ ಒಂಬತ್ತೂವರೆಯಿಂದ ಚೀಲ, ಕ್ವಿಂಟಲ್, ಹಮಾಲಿ, ಲಾರಿ ಬಾಡಿಗೆ. ರಾತ್ರಿ ಊಟ ಆದ ಮೇಲೆ ಅರಿಸ್ಟಾಟಲ್, ಗೌತಮ, ಶಂಕರ, ಹ್ಯೂಮ್. ದೂರಶಿಕ್ಷಣದಲ್ಲಿ ಹೆಸರು ಹಚ್ಚಿ ಈಗ ಎರಡನೇ ವರ್ಷ. ಹೆಸರು ಹಚ್ಚಿದ ದಿನ ನಮ್ಮವ್ವ ಒಲೆ ಮುಂದಿನಿಂದಲೇ ಕೇಳಿದ್ದು ಒಂದೇ ಮಾತು, 'ಸನ್ಯಾಸಿ ಆಗಾಂವ ಅದಿಯೇನೋ?' ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಗೆಳೆಯನೊಬ್ಬ, 'ಫಿಲಾಸಫಿ ಅಂದ್ರ ಕುಡಿದಾಗ ಹೇಳ್ತಾರಲ್ಲ, ಅದಕ್ಕೂ ಡಿಗ್ರಿ ಅದ ಏನು?' ಅಂದ. ನಮ್ಮ ಸಾವ್ಕಾರರು ಒಳ್ಳೆಯವರು, ನಗಲಿಲ್ಲ. 'ನೌಕ್ರಿ ಸಿಗ್ತದೇನು ಇದ್ರಾಗ?' ಅಂತ ಕೇಳಿದರು. ಇಲ್ಲರೀ ಅಂದೆ. 'ಮತ್ತ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತಲ್ಲೋ' ಅಂದರು. ಹೊಟ್ಟೆಗೆ ಹಿಟ್ಟು ಅವರೇ ಕೊಡುತ್ತಿದ್ದಾರೆ, ಹಾಗಾಗಿ ನಾನು ಸುಮ್ಮನಾದೆ.

ಈ ನೌಕರಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಎಂ.ಎ. ಫಿಲಾಸಫಿ ಮಾಡಿದರೆ ಕೆಲಸ ಸಿಗುತ್ತದೆ ಅಂತ ಯಾವ ಹುಡುಗನಿಗೂ ಹುಡುಗಿಗೂ ನಾನು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳಲು ಬರೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಈ ವಿಷಯ ಇದೆ. ನಮ್ಮ ಪಿಯುಸಿಯಲ್ಲಿ ತರ್ಕಶಾಸ್ತ್ರ ಅನ್ನುವ ವಿಷಯವೂ ಇದೆ, ಆದರೆ ತಗೊಳ್ಳುವವರನ್ನು ಹುಡುಕಬೇಕು. ಐಎಎಸ್ ಓದುವವರಿಗೆ ಐಚ್ಛಿಕ ವಿಷಯವಾಗಿ ಇದೆ, ತಲಾ 250 ಅಂಕದ ಎರಡು ಪತ್ರಿಕೆ. ಅಷ್ಟೇ. ಬಿ.ಕಾಂ. ಮುಗಿಸಿದ ಕೂಡಲೇ ಮನೆಗೆ ದುಡ್ಡು ತರಬೇಕಾದ ಮಕ್ಕಳು ಮೊದಲು ಅದನ್ನು ನೋಡಿಕೊಳ್ಳಲಿ. ನಾನೂ 12 ವರ್ಷ ಅದನ್ನೇ ನೋಡಿಕೊಂಡೆ.

ಹಾಗಾದರೆ ಯಾಕೆ ಓದುತ್ತಿದ್ದೀ ಅಂತ ನೀವು ಕೇಳಬಹುದು. ಇದಕ್ಕೆ ಕಾರಣ ನಮ್ಮ ಗಂಜು.

ನಮ್ಮ ಸಾವ್ಕಾರರದ್ದು ಒಂದು ನಂಬಿಕೆ ಇತ್ತು. ಸಂಕ್ರಾಂತಿ ತನಕ ತೊಗರಿ ಬರ್ತಾ ಇರುತ್ತದೆ, ರೇಟು ಬಿದ್ದಿರುತ್ತದೆ, ಆಮೇಲೆ ಏರೇ ಏರುತ್ತದೆ. ಅವರ ಅಪ್ಪನ ಕಾಲದಿಂದ ನೋಡಿದ್ದಾರಂತೆ. ಒಂದು ವರ್ಷ ಆ ನಂಬಿಕೆ ಮೇಲೆ ಗೋದಾಮು ತುಂಬ ಮಾಲು ಕೂಡಿಟ್ಟರು. ಏರಲಿಲ್ಲ. ಹೊರದೇಶದ ತೊಗರಿ ಬಂದು ಬಿತ್ತು. ಬರ್ಮಾದಿಂದಲೂ ಆಫ್ರಿಕಾದಿಂದಲೂ ನಮ್ಮ ದೇಶಕ್ಕೆ ತೊಗರಿ ಬರುತ್ತದೆ ಅಂತ ಗಂಜಿನಲ್ಲಿ ಎಲ್ಲರಿಗೂ ಗೊತ್ತು, ಆದರೂ ಲೆಕ್ಕ ತಪ್ಪಿತು. ಆ ರಾತ್ರಿ ನಷ್ಟದ ಖಾತೆ ಬರೆಯುತ್ತಾ ನನಗೊಂದು ಪ್ರಶ್ನೆ ಹತ್ತಿಕೊಂಡಿತು. 30 ವರ್ಷ ಹಾಗೇ ಆಗಿದೆ ಅಂದರೆ 31ನೇ ವರ್ಷವೂ ಹಾಗೇ ಆಗಬೇಕು ಅಂತ ನಮಗೆ ಹೇಳಿದವರು ಯಾರು? ಯಾವುದರ ಮೇಲೆ ಅಷ್ಟು ಧೈರ್ಯ? ಇದನ್ನು ಗಂಜಿನಲ್ಲಿ ಕೇಳಿದರೆ ತಲೆ ಕೆಟ್ಟಿದೆ ಅಂತಾರೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದನ್ನೇ ಕೇಳಿದ್ದ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ. ನಾಳೆ ಸೂರ್ಯ ಹುಟ್ಟುತ್ತಾನೆ ಅನ್ನುವುದಕ್ಕೆ ಇಷ್ಟು ದಿನ ಹುಟ್ಟಿದ್ದಾನೆ ಅನ್ನುವುದು ಬಿಟ್ಟರೆ ಬೇರೆ ಆಧಾರ ಏನಿದೆ ಅನ್ನುವುದು ಅವನ ತಕರಾರು. ಅವನಿಗಿಂತ ಎಷ್ಟೋ ಮೊದಲು ನಮ್ಮ ಚಾರ್ವಾಕರೂ, ಅಂದರೆ ಕಣ್ಣಿಗೆ ಕಾಣದ್ದನ್ನು ನಂಬದ ಹಳೆಯ ಕಾಲದ ಪಂಥದವರೂ, ಅದನ್ನೇ ಹಿಡಿದು ಜಗಳಾಡಿದ್ದರು. ಕಣ್ಣಿಗೆ ಕಂಡಿದ್ದನ್ನು ಒಪ್ಪುತ್ತೇವೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಅಂತೀರಲ್ಲ, ಎಲ್ಲ ಹೊಗೆಯನ್ನೂ ನೋಡಿ ಬಂದಿದ್ದೀರಾ ಅಂತ.

ಆ ಹೊಗೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತರ್ಕವೇ ಮುಖ್ಯ ಅನ್ನುವ ನ್ಯಾಯದರ್ಶನದವರು ಒಂದು ಅನುಮಾನವನ್ನು (ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು) ಐದು ಮೆಟ್ಟಿಲಲ್ಲಿ ಹೇಳುತ್ತಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಪುಸ್ತಕದಲ್ಲಿ ಇದನ್ನು ಓದಿದ ಮರುದಿನ ಮಿಲ್ಲಿನ ಕೆಲಸಕ್ಕೆ ಅಂತ ಸೇಡಂ ಕಡೆ ಹೋಗಿದ್ದೆ. ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿ ಕಡೆಯಿಂದ ಬೂದು ಬಣ್ಣದ್ದೊಂದು ಮೋಡ. ಹೊಗೆಯೋ ಧೂಳೋ? ಧೂಳನ್ನೋ ಮಂಜನ್ನೋ ಹೊಗೆ ಅಂದುಕೊಂಡು ಬೆಂಕಿ ಇದೆ ಅಂತ ಹೊರಟರೆ ಎಡವುತ್ತೀರಿ ಅಂತ ಆ ಕಾಲದವರೇ ಎಚ್ಚರಿಸಿದ್ದಾರೆ. ಬಸ್ಸಿನ ಕಿಟಕಿಯಲ್ಲಿ ಕೂತು ನಾನೊಬ್ಬನೇ ನಕ್ಕೆ. ಪಕ್ಕದಲ್ಲಿದ್ದ ಅಜ್ಜಿ ಸ್ವಲ್ಪ ಸರಿದು ಕೂತರು.

ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಕಲಿಸುವವರು ಇರಲಿಲ್ಲ ಅಂತಲ್ಲ, ನನಗೆ ಸಿಗಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ವಿಭಾಗ ಇದೆ, ರಾಧಾಕೃಷ್ಣನ್ 1918ರಿಂದ 1921ರವರೆಗೆ ಪಾಠ ಹೇಳಿದ ಜಾಗ ಅದು. ಭಾರತೀಯ ದರ್ಶನಗಳ ಬಗ್ಗೆ ಪುಸ್ತಕ ಬರೆದ ಹಿರಿಯಣ್ಣನವರು ಇದ್ದ ವಿಶ್ವವಿದ್ಯಾಲಯವೂ ಅದೇ. ಆದರೆ ಕಲಬುರಗಿಯಿಂದ ಮೈಸೂರು 600 ಕಿಲೋಮೀಟರ್‌ಗೂ ಜಾಸ್ತಿ. ಧಾರವಾಡ ಕೂಡ ದಿನಾ ಹೋಗಿ ಬರುವ ಊರಲ್ಲ. ಸಂಸಾರ ಇರುವವನು, ಕೆಲಸ ಬಿಡಲಾಗದವನು ಎಲ್ಲಿಗೆ ಹೋಗಬೇಕು? ದೂರಶಿಕ್ಷಣ ಒಂದೇ ದಾರಿ. ಯಾವ ಡಿಗ್ರಿ ಇದ್ದರೂ ಸೇರಿಸಿಕೊಳ್ಳುತ್ತಾರೆ, ಬಿ.ಎ.ನಲ್ಲಿ ಅದೇ ವಿಷಯ ಓದಿರಬೇಕು ಅಂತಿಲ್ಲ. ಅಷ್ಟು ಮಟ್ಟಿಗೆ ಅದು ದೊಡ್ಡ ಉಪಕಾರ. ನನ್ನಂಥ ಬಿ.ಕಾಂ.ನವನಿಗೆ ಬೇರೆ ಬಾಗಿಲು ತೆಗೆಯುತ್ತಿರಲಿಲ್ಲ.

ಆದರೆ ನಾನು ಸೇರಿದ ಕೋರ್ಸಿನಲ್ಲಿ ಪಾಠದ ಪುಸ್ತಕ ಇಂಗ್ಲಿಷ್‌ನಲ್ಲಿ, ಇಲ್ಲ ಹಿಂದಿಯಲ್ಲಿ. ಉತ್ತರವೂ ಹಾಗೇ. ನನ್ನ ಇಂಗ್ಲಿಷ್ ಜಿಎಸ್‌ಟಿ ನೋಟಿಸ್ ಓದುವ ಮಟ್ಟದ್ದು. ಮೊದಲನೇ ತಿಂಗಳು 'ಸಬ್‌ಸ್ಟೆನ್ಸ್' ಅನ್ನುವ ಒಂದು ಪದದ ಹಿಂದೆ ಮೂರು ರಾತ್ರಿ ಕಳೆದೆ. ನಿಘಂಟು ದ್ರವ್ಯ ಅಂತು. ನನಗೆ ದ್ರವ್ಯ ಅಂದರೆ ಪೂಜಾದ್ರವ್ಯ, ಹೆಚ್ಚೆಂದರೆ ದುಡ್ಡು. ಅರಿಸ್ಟಾಟಲ್ ಯಾಕೆ ಪೂಜೆ ಸಾಮಾನಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಾನೆ ಅಂತ ಗೊತ್ತಾಗಲಿಲ್ಲ. ನಾಲ್ಕನೇ ದಿನ ಮಿಲ್ಲಿನಲ್ಲಿ ಹೊಳೆಯಿತು. ತೊಗರಿ ಬರುತ್ತದೆ, ಎಣ್ಣೆ ನೀರು ಹಚ್ಚಿ ಒಣಗಿಸುತ್ತೇವೆ, ಸಿಪ್ಪೆ ಹೋಗುತ್ತದೆ, ಎರಡಾಗಿ ಒಡೆಯುತ್ತದೆ. 100 ಕಿಲೋ ಹಾಕಿದರೆ 70 ಕಿಲೋ ಆಸುಪಾಸು ಬೇಳೆ, ಉಳಿದದ್ದು ಹೊಟ್ಟು, ನುಚ್ಚು, ದನಕ್ಕೆ ಹಾಕುವ ಚುನ್ನಿ. ಬಣ್ಣ ಹೋಯಿತು, ಆಕಾರ ಹೋಯಿತು, ಹೆಸರೂ ಹೋಯಿತು, ಮತ್ತೆ ಬಿತ್ತಿದರೆ ಮೊಳೆಯುವುದೂ ಇಲ್ಲ. ಈಗಲೂ ಅದು ತೊಗರಿಯೇ? ಹೌದಾದರೆ ಏನು ಉಳಿದುಕೊಂಡಿತು ಅಂತ ಹೌದು ಅನ್ನುತ್ತೇವೆ? ಅಲ್ಲವಾದರೆ ಯಾವ ಯಂತ್ರದ ಹತ್ತಿರ ಅದು ತೊಗರಿಯಾಗಿರುವುದನ್ನು ಬಿಟ್ಟಿತು? ಇದು ಅರಿಸ್ಟಾಟಲ್ ಪ್ರಶ್ನೆ ಸಾರ್. ಮೂರು ರಾತ್ರಿ ಇಂಗ್ಲಿಷ್‌ನಲ್ಲಿ ತಿಳಿಯದೇ ಇದ್ದದ್ದು ಕನ್ನಡದಲ್ಲಿ ಒಂದು ಚಹಾ ಕುಡಿಯುವ ಹೊತ್ತಿಗೆ ತಿಳಿಯಿತು. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯಲಾಗಲಿಲ್ಲ, ಚುನ್ನಿಗೆ ಇಂಗ್ಲಿಷ್‌ನಲ್ಲಿ ಏನಂತಾರೋ ನನಗೆ ಬರಲಿಲ್ಲ.

ನನ್ನ ದೂರು ಇಷ್ಟೇ. ಇದೇ ತತ್ವಶಾಸ್ತ್ರವನ್ನು ಐಎಎಸ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯಬಹುದು. ಜಿಲ್ಲಾಧಿಕಾರಿ ಆಗಲು ಕನ್ನಡದಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ ಬಗ್ಗೆ ಬರೆದರೆ ನಡೆಯುತ್ತದೆ, ನಾನು ಸೇರಿದಂಥ ಕಡೆ ಎಂ.ಎ. ಪಾಸಾಗಲು ನಡೆಯುವುದಿಲ್ಲ.

ಕನ್ನಡದಲ್ಲಿ ಇದೆಲ್ಲ ಆಗಲ್ಲ, ಪದಗಳೇ ಇಲ್ಲ ಅಂತ ಹೇಳುವವರಿಗೆ ನಮ್ಮ ಭಾಗದ ಹಳೆಯ ಸಂಗತಿ ಒಂದನ್ನು ನೆನಪು ಮಾಡುತ್ತೇನೆ. 1948ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಅಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಕಲಿಸುವ ಭಾಷೆ ಇಂಗ್ಲಿಷ್ ಆಗಿರಲಿಲ್ಲ, ಉರ್ದು. ವಿಶ್ವವಿದ್ಯಾಲಯ ಶುರುವಾಗುವ ಮೊದಲೇ, 1917ರಲ್ಲಿ, ಪಠ್ಯಪುಸ್ತಕ ಅನುವಾದ ಮಾಡಲಿಕ್ಕೆ ಅಂತಲೇ ಒಂದು ಕಚೇರಿ ತೆರೆದಿದ್ದರು. ವಿಜ್ಞಾನ, ಇತಿಹಾಸ, ತತ್ವಶಾಸ್ತ್ರ ಎಲ್ಲ ಉರ್ದುವಿಗೆ ಬಂದವು, ಇಲ್ಲದ ಪದಗಳನ್ನು ಕೂತು ಮಾಡಿಕೊಂಡರು. ಆ ಕಾಲದಲ್ಲಿ ಕನ್ನಡ ಮನೆಯ ಮಕ್ಕಳಿಗೆ ಉರ್ದು ಹೇರಿಕೆಯಾಗಿತ್ತು ಅನ್ನುವುದು ಬೇರೆ ಮಾತು, ಅದರ ಸಂಕಟ ನಮ್ಮ ಹಿರಿಯರಿಗೆ ಗೊತ್ತು. ನಾನು ಹೇಳುತ್ತಿರುವುದು, ಮನಸ್ಸು ಮಾಡಿದರೆ ಒಂದು ದೇಶಭಾಷೆಯಲ್ಲಿ ಇಂಥದ್ದನ್ನು ಮಾಡಲು ಬರುತ್ತದೆ ಅನ್ನುವುದನ್ನು ನಮ್ಮ ಹಳೆ ರಾಜಧಾನಿಯೇ ನೂರು ವರ್ಷದ ಹಿಂದೆ ಮಾಡಿ ತೋರಿಸಿದೆ. ನನ್ನಂಥವನಿಗೆ ಕನ್ನಡದಲ್ಲಿ ಅದು ಇನ್ನೂ ಸಿಕ್ಕಿಲ್ಲ.

ಮತ್ತೆ ಪದಗಳಿಗೆ ಬಡತನ ನಮಗೆ ಎಲ್ಲಿದೆ? ಕಲ್ಯಾಣದಲ್ಲಿ ಅಲ್ಲಮ ಕೂತು ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯ ನೇಯುತ್ತಾ ಹೇಳಿದ್ದು ಕನ್ನಡದಲ್ಲಿ. ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯ ಚೆನ್ನೂರಿನ ಜಲಾಲಸಾಹೇಬರು ತತ್ವಪದ ಹಾಡಿದ್ದು ಕನ್ನಡದಲ್ಲಿ. ಹೆಸರಲ್ಲೇ 'ತತ್ವ' ಇದೆ ಅಲ್ವಾ! ನನ್ನ ಸೋದರಮಾವನ ಊರು ಜೇವರ್ಗಿ ಕಡೆ. ಅಮಾವಾಸ್ಯೆಗೆ ಅಲ್ಲಿ ಈಗಲೂ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಭಜನೆ ನಡೆಯುತ್ತದೆ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್‌ನನ್ನು ಓದುತ್ತಿದ್ದ ಹೊತ್ತಿನಲ್ಲಿ ಒಂದು ಸಲ ಹೋಗಿದ್ದೆ. ನಾನೀಗ ಎಚ್ಚರ ಇದ್ದೇನೋ ಕನಸು ಕಾಣುತ್ತಿದ್ದೇನೋ ಹೇಗೆ ಗೊತ್ತು ಅಂತ ಅವನು 1641ರಲ್ಲಿ ಅಚ್ಚಾದ ಪುಸ್ತಕದಲ್ಲಿ ಕೇಳುತ್ತಾನೆ. ನನಗೆ ಅದೇ ಗುಂಗು. ಭಜನೆ ನಡುವೆ ಬೀಡಿ ಹಚ್ಚಲು ಹೊರಗೆ ಬಂದ ಮುದುಕಪ್ಪ ಒಬ್ಬರಿಗೆ ಹೇಳಿದೆ, ಹಿಂಗೊಬ್ಬ ಕೇಳ್ಯಾನ್ರಿ ಅಂತ. ಅವರು ಏನೂ ಯೋಚನೆ ಮಾಡದೆ, 'ಅದಿರಲಿ ತಮ್ಮಾ, ಕನಸಿನಾಗ ನೀ ಹುಲಿ ಕಂಡು ಓಡ್ತಿ, ಎಚ್ಚರಾದ ಮ್ಯಾಲ ಹುಲಿ ಹೋತು. ಕಂಡಾವ ಹೋದನೇನು?' ಅಂದರು. ಬೀಡಿ ಮುಗಿಸಿ ಒಳಗೆ ಹೋದರು. ನಾನು ಅಲ್ಲೇ ಕಟ್ಟೆ ಮೇಲೆ ಕೂತೆ. ಹೊಟ್ಟೆಪಾಡಿಗೆ ಕುರಿ ಕಾಯುವ ಮನುಷ್ಯ ಅವರು.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಇಲ್ಲದಿದ್ದರೆ ಇದು 'ನಮ್ಮಲ್ಲಿ ಎಲ್ಲಾ ಇದೆ' ಅನ್ನುವ ವಾಟ್ಸಾಪ್ ಮೆಸೇಜ್ ಆಗುತ್ತದೆ. ಭಜನೆ ಇದ್ದರೆ ಎಂ.ಎ. ಯಾಕೆ ಬೇಕು ಅಂದರೆ ನಾನು ಒಪ್ಪುವುದಿಲ್ಲ. ಭಜನೆಯಲ್ಲಿ ಗುರುವಿನ ಮಾತಿಗೆ ಯಾರೂ ಎದುರಾಡುವುದಿಲ್ಲ. ಹೇಗೆ ಗೊತ್ತು, ಸಾಬೀತು ಏನು ಅಂತ ಕೇಳಿದರೆ ತಾಳ ನಿಲ್ಲುತ್ತದೆ. ಓದಿನಲ್ಲಿ ಆ ಪ್ರಶ್ನೆಯಿಂದಲೇ ಶುರು. ಇಡೀ ಎಂ.ಎ.ಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಪದ್ಧತಿ ಪೂರ್ವಪಕ್ಷ. ನಿಮ್ಮ ವಾದ ಹೇಳುವ ಮೊದಲು ಎದುರಾಳಿಯ ವಾದವನ್ನು ನೀವೇ ಹೇಳಬೇಕು, ಅದೂ ಅವನೇ ಕೇಳಿದರೆ 'ಹೌದಪ್ಪ, ಇದೇ ನನ್ನ ಮಾತು' ಅನ್ನುವ ಹಾಗೆ. ಚಾರ್ವಾಕರು ಬರೆದದ್ದು ಬಹುಪಾಲು ನಮಗೆ ಉಳಿದಿಲ್ಲ. ಅವರು ಏನು ಹೇಳಿದರು ಅಂತ ಗೊತ್ತಿರುವುದು ಅವರನ್ನು ಒಪ್ಪದವರು ಬರೆದಿಟ್ಟಿದ್ದರಿಂದ. ಬೇರೆ ಬೇರೆ ದರ್ಶನಗಳನ್ನು ಒಂದೊಂದಾಗಿ ಹೇಳುವ 14ನೇ ಶತಮಾನದ 'ಸರ್ವದರ್ಶನ ಸಂಗ್ರಹ' ಅನ್ನುವ ಪುಸ್ತಕ ಶುರುವಾಗುವುದೇ ಚಾರ್ವಾಕ ಮತದಿಂದ. ವಿರೋಧಿಯ ಮಾತನ್ನು ತನ್ನ ಪುಸ್ತಕದಲ್ಲಿ ಮೊದಲ ಪಂಕ್ತಿಗೆ ಕೂರಿಸಿ ಬಡಿಸಿದ ಹಾಗೆ. ನಮ್ಮ ಮಿಲ್ಲಿನ ಚಹಾದ ಅಂಗಡಿಯಲ್ಲಿ ಚುನಾವಣೆ ಮಾತು ಬಂದಾಗ ನಾನು ಒಂದು ಸಲ ಹೀಗೆ ಮಾಡಿ ನೋಡಿದೆ. ಎದುರಿನವನ ಪಕ್ಷದ ಪರವಾಗಿ ನಾನೇ ಐದು ನಿಮಿಷ ಮಾತಾಡಿದೆ. ಆಮೇಲೆ ನನ್ನ ಮಾತು ಹೇಳಬೇಕು ಅನ್ನುವಷ್ಟರಲ್ಲಿ ಅವನು ನನ್ನ ಚಹಾದ ದುಡ್ಡು ಕೊಟ್ಟು ನಮ್ಮ ಪಾರ್ಟಿಗೇ ಬಂದುಬಿಡು ಅಂದ. ಹೀಗಾಗಿ ಸಿದ್ಧಾಂತಪಕ್ಷ ಅವತ್ತು ಹೇಳಲಾಗಲಿಲ್ಲ.

ಪರೀಕ್ಷೆಯ ಕಥೆ ಚಿಕ್ಕದಾಗಿ. ನಮಗೆ ವರ್ಷಕ್ಕೆ ಎರಡು ಸಲ, ಜೂನ್, ಡಿಸೆಂಬರ್. ಡಿಸೆಂಬರ್ ಅಂದರೆ ಗಂಜಿಗೆ ಹೊಸ ತೊಗರಿ ಬರುವ ಹೊತ್ತು. ರಜೆ ಕೇಳಿದರೆ ಸಾವ್ಕಾರರ ಮುಖ ನೋಡಲಾಗುವುದಿಲ್ಲ. ಮೊದಲನೇ ಪತ್ರಿಕೆ ದಿನ ಹಾಲ್‌ನಲ್ಲಿ ನೂರಾರು ಜನ, ನಮ್ಮ ವಿಷಯಕ್ಕೆ ಮೂವರು. ಒಬ್ಬರು ಯಾದಗಿರಿ ಕಡೆಯ ಹೈಸ್ಕೂಲ್ ಟೀಚರ್, ಇನ್ನೊಬ್ಬರು ಬೀದರ್‌ನ ನಿವೃತ್ತ ಪೋಸ್ಟ್ ಮಾಸ್ಟರ್ ಕಾಕಾ, ಮತ್ತೆ ನಾನು. ಪ್ರಶ್ನೆಪತ್ರಿಕೆ ಬಂಡಲ್‌ನಲ್ಲಿ ನಮ್ಮದು ಇರಲಿಲ್ಲ. 'ಇಂಥ ಸಬ್ಜೆಕ್ಟು ಅದ ಅಂತ ನಮಗ ಯಾರೂ ಹೇಳೇ ಇಲ್ಲರೀ' ಅಂದರು ಮೇಲ್ವಿಚಾರಕರು. ಮುಕ್ಕಾಲು ಗಂಟೆ ಆದ ಮೇಲೆ ಎಲ್ಲಿಂದಲೋ ತಂದುಕೊಟ್ಟರು. ಕಾಯುವಾಗ ಕಾಕಾ ನಮ್ಮಿಬ್ಬರಿಗೆ ಹೇಳಿದರು, 'ನಾವು ಇದ್ದೀವಿ ಅನ್ನೂದಕ್ಕ ಪ್ರಮಾಣ ಇಲ್ಲ ನೋಡ್ರಿ.' ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಳೆದ ಮುಕ್ಕಾಲು ಗಂಟೆ ಮಾತ್ರ ಯಾರೂ ವಾಪಸ್ ಕೊಡಲಿಲ್ಲ. ನನಗೆ ಕೊನೇ ಪ್ರಶ್ನೆ ಅರ್ಧಕ್ಕೇ ನಿಂತಿತು.

ಅವತ್ತೇ ನನಗೆ ಗೊತ್ತಾಗಿದ್ದು, ಮೂರು ಜಿಲ್ಲೆಯಲ್ಲಿ ಮೂವರು ಅಂದರೆ ಇನ್ನೂ 30 ಜನ ಇದ್ದೇ ಇರುತ್ತಾರೆ, ಇಂಗ್ಲಿಷ್ ಹೆದರಿಕೆಗೆ ಹೆಸರು ಹಚ್ಚಿಲ್ಲ ಅಷ್ಟೇ. (ಇದೂ ಅನುಮಾನವೇ, ಹ್ಯೂಮ್ ಒಪ್ಪಲಿಕ್ಕಿಲ್ಲ.) ಟೀಚರಮ್ಮ ತಮ್ಮ ಶಾಲೆಯಲ್ಲೇ ಇಬ್ಬರು ಕೇಳಿದ್ದರು ಅಂದರು. ಕನ್ನಡದಲ್ಲಿ ಇದೆಯಾ ಅಂತ ಕೇಳಿ, ಇಲ್ಲ ಅಂದ ಕೂಡಲೇ ಸುಮ್ಮನಾದರಂತೆ. 2022ರಲ್ಲಿ ಯುಜಿಸಿಯವರು ಒಂದೇ ಸಲ ಎರಡು ಪದವಿ ಓದಬಹುದು ಅಂತ ಬೇರೆ ಹೇಳಿದ್ದಾರೆ. ಅಂದರೆ ಎಂ.ಎ. ಕನ್ನಡ ಓದುವ ಹುಡುಗಿ ದೂರಶಿಕ್ಷಣದಲ್ಲಿ ಇದನ್ನೂ ಜೊತೆಗೆ ಓದಬಹುದು. ಬಾಗಿಲು ತೆಗೆದೇ ಇದೆ, ಹೊಸ್ತಿಲು ಮಾತ್ರ ಎತ್ತರ.

ನಾನು ದೊಡ್ಡ ಕಟ್ಟಡ ಕೇಳುತ್ತಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾಯಿತು, ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕಲಬುರಗಿಯಲ್ಲೇ 1980ರಿಂದ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಇಷ್ಟೆಲ್ಲ ಇರುವಾಗ ಯಾರಾದರೂ ಒಬ್ಬರು ಮನಸ್ಸು ಮಾಡಿ, ಕೆಲಸ ಮಾಡುವವರಿಗೆ ಸಂಜೆ ಹೊತ್ತು ಇಲ್ಲವೇ ಶನಿವಾರ, ಭಾನುವಾರ, ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವ ಹಾಗೆ ತತ್ವಶಾಸ್ತ್ರದ ತರಗತಿ ನಡೆಸಬಹುದಲ್ಲ. ಮೊದಲ ವರ್ಷ ಪೂರ್ತಿ ಎಂ.ಎ. ಆಗದಿದ್ದರೆ ಬೇಡ, ಆರು ತಿಂಗಳ ಸರ್ಟಿಫಿಕೇಟ್ ಇರಲಿ. ಒಂದು ಪತ್ರಿಕೆ ಗ್ರೀಕರದ್ದು, ಒಂದು ನ್ಯಾಯ ಮತ್ತು ಬೌದ್ಧರ ಜಗಳದ್ದು, ಒಂದು ನಮ್ಮ ವಚನ ಮತ್ತು ತತ್ವಪದದ್ದು. ಮೂರನೆಯದನ್ನು ಹೊಗಳುವ ಪಾಠ ಮಾಡಬೇಡಿ, ದಯವಿಟ್ಟು. ಹೇಗೆ ಗೊತ್ತು ಅಂತ ಅದಕ್ಕೂ ಕೇಳಿ. ಅಲ್ಲಮನಿಗೆ ಅದರಿಂದ ಬೇಜಾರಾಗುವುದಿಲ್ಲ. 1472ರಲ್ಲಿ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನಿಂದ ವ್ಯಾಪಾರಕ್ಕೆ ಬಂದವನು. ಆ ವ್ಯಾಪಾರಿಗೆ ಅಂಥದ್ದೊಂದು ಬೇಕು ಅನ್ನಿಸಿತ್ತು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಮುಂದಿನ ಸಲ ಅಂಥ ಪುಟ ಮಾಡಿದಾಗ ಮೇಕಪ್ ಕೋರ್ಸಿನ ಪಕ್ಕದಲ್ಲೇ ಆದರೂ ಸರಿ, ಒಂದು ಸಾಲು ಹಾಕಿ. ಯಾವ ಡಿಗ್ರಿ ಇದ್ದರೂ ಸೇರಬಹುದು, ನೌಕರಿ ಗ್ಯಾರಂಟಿ ಇಲ್ಲ ಅಂತ ಎರಡನ್ನೂ ಬರೆಯಿರಿ.

ಅಲ್ಲಿಯವರೆಗೆ ನಾವು ಮೂವರು ಒಂದು ದಾರಿ ಮಾಡಿಕೊಂಡಿದ್ದೇವೆ. 2017ರಲ್ಲಿ ಬೀದರ್, ಕಲಬುರಗಿ ನಡುವೆ ರೈಲು ಬಂದಿದ್ದು ಕಾಕಾಗೆ ಅನುಕೂಲವಾಗಿದೆ. ತಿಂಗಳಿಗೊಂದು ಭಾನುವಾರ ಅವರು ಇಳಿಯುತ್ತಾರೆ, ಟೀಚರಮ್ಮ ಯಾದಗಿರಿಯಿಂದ ಬರುತ್ತಾರೆ, ಅಪ್ಪನ ಕೆರೆ ಹತ್ತಿರ ನೆರಳು ನೋಡಿ ಕೂತು ಒಬ್ಬರು ಓದಿದ್ದನ್ನು ಇನ್ನಿಬ್ಬರಿಗೆ ಕನ್ನಡದಲ್ಲಿ ಹೇಳುತ್ತೇವೆ. ಈ ತಿಂಗಳು ಕಾಂಟ್, ಹೇಳುವ ಸರದಿ ನನ್ನದು. ಇನ್ನೂ ಅರ್ಧ ಪುಸ್ತಕ ಬಾಕಿ ಇದೆ, ಮಿಲ್ಲಿನಲ್ಲಿ ಎರಡು ಲೋಡ್ ಮಾಲು ಬಂದು ನಿಂತಿದೆ.

ಇಂತಿ,
ದಾಲ್ ಮಿಲ್ ಗುಮಾಸ್ತ, ಎಂ.ಎ. ಎರಡನೇ ವರ್ಷ
ಕಲಬುರಗಿ